ಆಲೂಗಡ್ಡೆ ಹೂತ್ರೆ ಬರುತ್ತಲ್ಲ ದೊಡ್ಡಮ್ಮ

2024ರ ಮೇ ತಿಂಗಳ ಕೊನೆ. ಹಾಸನದ ಸುತ್ತಮುತ್ತ ಒಂದೆರಡು ಹದ ಮಳೆ ಬಿದ್ದಿತ್ತು. ತಂಗಿಯ ಮಾವನವರು ಆಲೂಗಡ್ಡೆ ಹಾಕಿಸುತ್ತಿದ್ದರು. ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆ, ಕುಫ್ರಿ ಜ್ಯೋತಿ. ಮೂಟೆ ಬಿಚ್ಚಿ ಕೊಟ್ಟಿಗೆಯಲ್ಲಿ ಹರಡಿದ್ದರು. ಹೆಂಗಸರೆಲ್ಲ ಕುಡುಗೋಲು, ಚಾಕು ಹಿಡಿದು ಸಾಲಾಗಿ ಕೂತು, ಒಂದೊಂದು ಹೋಳಿಗೂ ಎರಡೆರಡು ಕಣ್ಣು ಬರುವ ಹಾಗೆ ಕತ್ತರಿಸುತ್ತಿದ್ದರು. ನಾನೂ ಕೂತಿದ್ದೆ. ಪುಟ್ಟ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೋಳುಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಅವನು ನನ್ನ ತಂಗಿಯ ಮಗ. ಆಗ ಆರೂವರೆ ವರ್ಷ.

"ದೊಡ್ಡಮ್ಮ, ಇದು ಎಷ್ಟು ದಿನಕ್ಕೆ ಮೇಲೆ ಬರುತ್ತೆ?"

"ಹದಿನೈದು, ಇಪ್ಪತ್ತು ದಿನ ಆಗುತ್ತೆ ಪುಟ್ಟ."

ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಆಮೇಲೆ ತಲೆ ಎತ್ತದೇ ಕೇಳಿದ. "ಅಪ್ಪನ್ನ ಹೂತು ನಾಲ್ಕು ತಿಂಗಳಾಯ್ತು. ಆಲೂಗಡ್ಡೆ ಹೂತ್ರೆ ಬರುತ್ತಲ್ಲ ದೊಡ್ಡಮ್ಮ, ಅಪ್ಪ ಯಾಕೆ ಬರಲಿಲ್ಲ?"

ಕೊಟ್ಟಿಗೆಯಲ್ಲಿ ಎಲ್ಲರ ಕೈಯೂ ನಿಂತುಹೋಯಿತು. ಎದುರಿಗೆ ಕೂತಿದ್ದ ಒಬ್ಬ ಅಜ್ಜಿ, ಪಾಪ ಒಳ್ಳೆಯ ಮನಸ್ಸಿನವರು, "ನಿಮ್ಮಪ್ಪ ದೇವರತ್ರ ಹೋಗವ್ರೆ ಕಣಪ್ಪ, ಅಲ್ಲಿಂದ್ಲೇ ನಿನ್ನ ನೋಡ್ತಾ ಅವ್ರೆ" ಅಂದರು. ಪುಟ್ಟ ಅವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ.

ನಾನು ಪಕ್ಕಕ್ಕೆ ಎಸೆದಿದ್ದ ರಾಶಿಯಿಂದ ಒಂದು ಕೊಳೆತ ಗಡ್ಡೆ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿ ಒಂದು ಒಳ್ಳೆಯ ಹೋಳು. "ಇದನ್ನ ನೋಡು, ಇದಕ್ಕೆ ಕಣ್ಣಿದೆ, ಜೀವ ಇದೆ. ಹೂತರೆ ಮೊಳಕೆ ಬರುತ್ತೆ. ಇದರ ಜೀವ ಹೋಗಿದೆ. ಎಷ್ಟು ದಿನ ಮಣ್ಣಲ್ಲಿಟ್ಟರೂ ಬರಲ್ಲ. ಅಪ್ಪನ ಜೀವ ಹೋದಮೇಲೆ ನಾವು ಹೂತಿದ್ದು ಪುಟ್ಟ. ಅಪ್ಪ ಸತ್ತುಹೋಗಿದಾರೆ. ಬರಲ್ಲ."

ಅವನು ಕೊಳೆತ ಗಡ್ಡೆ ತೆಗೆದುಕೊಂಡು ಮೂಸಿ ನೋಡಿದ. ಹೆಬ್ಬೆರಳಲ್ಲಿ ಒತ್ತಿದ. ಒಳಗಿಂದ ನೀರು ಬಂತು. "ಅಪ್ಪನೂ ಹಿಂಗಾಗ್ತಾರಾ?"

ಹೌದು ಅನ್ನುವುದು ಎಷ್ಟು ಕಷ್ಟ ಆಯಿತು ಅಂದರೆ, ಬಾಯಿ ಒಣಗಿತು. ಆದರೂ ಅಂದೆ. "ಹೌದು. ಮೈ ನಿಧಾನಕ್ಕೆ ಮಣ್ಣಾಗುತ್ತೆ. ಆದ್ರೆ ಅಪ್ಪಂಗೆ ನೋವಾಗಲ್ಲ. ಚಳಿ ಆಗಲ್ಲ, ಉಸಿರು ಕಟ್ಟಲ್ಲ. ಸತ್ತಮೇಲೆ ಯಾರಿಗೂ ಏನೂ ನೋವಾಗಲ್ಲ."

ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಕೈ ಚಡ್ಡಿಗೆ ಒರೆಸಿಕೊಂಡು ಕರುವಿನ ಹತ್ತಿರ ಆಡೋಕೆ ಹೋದ. ಆ ಅಜ್ಜಿಗೆ ನನ್ನ ಮೇಲೆ ಬೇಜಾರಾಯಿತು. ಮಗುವಿಗೆ ಇಷ್ಟು ಕಠಿಣವಾಗಿ ಹೇಳಬಹುದಾ ಅಂದರು. ನಾನು ಏನೂ ಉತ್ತರ ಕೊಡಲಿಲ್ಲ. ಅವತ್ತು ಕೊಡಬೇಕಿದ್ದ ಉತ್ತರವನ್ನೇ ಈಗ ಬರೆಯುತ್ತಿದ್ದೇನೆ.

ನನ್ನ ಅಪ್ಪ ಬಸ್ ಕಂಡಕ್ಟರ್. ಅರಕಲಗೂಡು ತಾಲ್ಲೂಕಿನ ನಮ್ಮೂರಿಗೆ ಆಗ ಇದ್ದದ್ದು ಒಂದೇ ನೈಟ್ ಹಾಲ್ಟ್ ಬಸ್ಸು. ಹಾಸನದಿಂದ ಹೊರಟು ರಾತ್ರಿ ಎಂಟಕ್ಕೆ ಬಂದು ಅರಳಿಕಟ್ಟೆ ಪಕ್ಕ ನಿಲ್ಲುತ್ತಿತ್ತು. ಬೆಳಿಗ್ಗೆ ಆರಕ್ಕೆ ವಾಪಸ್ಸು. ನಮ್ಮೂರಿನ ರೂಟೇ ಸಿಕ್ಕಿದ್ದು ಅಪ್ಪನ ಪುಣ್ಯ ಅಂತ ಎಲ್ಲರೂ ಹೇಳುತ್ತಿದ್ದರಂತೆ. ಅಪ್ಪನ ಮುಖ ನನಗೆ ಫೋಟೋದಿಂದ ಮಾತ್ರ ಗೊತ್ತು. ಆದರೆ ಕೈ ನೆನಪಿದೆ. ಚಿಲ್ಲರೆ ಕಾಸು ಎಣಿಸಿ ಎಣಿಸಿ ಬೆರಳ ತುದಿ ಕಪ್ಪಗಾಗಿರುತ್ತಿತ್ತು. ಸೋಪು ಹಾಕಿ ತೊಳೆದರೂ ಆ ಲೋಹದ ವಾಸನೆ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ತುತ್ತು ತಿನ್ನಿಸಿದರೆ ಅನ್ನಕ್ಕೂ ಅದೇ ವಾಸನೆ. ಈಗಲೂ ಯಾರಾದರೂ ಕೈತುಂಬ ಚಿಲ್ಲರೆ ಕೊಟ್ಟರೆ ಒಂದು ಕ್ಷಣ ನಿಂತುಬಿಡುತ್ತೇನೆ.

1995ರಲ್ಲಿ ಅಪ್ಪನಿಗೆ ಕಾಮಾಲೆ ಆಯಿತು. ಆಸ್ಪತ್ರೆಗೆ ಸೇರಿಸಿ ಎಂಟು ದಿನಕ್ಕೆ ತೀರಿಕೊಂಡರು. ನನಗೆ ಆರು ವರ್ಷ, ತಂಗಿಗೆ ಎರಡು. ನಮ್ಮಿಬ್ಬರನ್ನೂ ಹೊಳೆನರಸೀಪುರದ ಅತ್ತೆ ಮನೆಗೆ ಕಳಿಸಿದ್ದರು. ಮಕ್ಕಳು ನೋಡಬಾರದು ಅಂತ. ತಿಥಿ ಎಲ್ಲ ಮುಗಿದಮೇಲೆ ವಾಪಸ್ ಕರಕೊಂಡು ಬಂದರು. ಮನೆಗೆ ಬಂದರೆ ಅಮ್ಮನ ಕೈಯಲ್ಲಿ ಬಳೆ ಇಲ್ಲ, ಹಣೆಯಲ್ಲಿ ಕುಂಕುಮ ಇಲ್ಲ. ಅಮ್ಮ ನನ್ನನ್ನು ತಬ್ಬಿಕೊಂಡು ಅತ್ತಳು, ಏನೂ ಹೇಳಲಿಲ್ಲ. ಅಪ್ಪ ಎಲ್ಲಿ ಅಂತ ಕೇಳಿದ್ದಕ್ಕೆ ಅಜ್ಜಿ ಹೇಳಿತು, "ಅಪ್ಪನ್ನ ದೂರದ ರೂಟಿಗೆ ಹಾಕವ್ರೆ ಮಗ. ಬರೋದು ತಡ ಆಯ್ತದೆ."

ನಾನು ನಂಬಿದೆ. ಕಂಡಕ್ಟರ್ ಮಗಳಿಗೆ ಅದರಲ್ಲಿ ನಂಬದೇ ಇರುವಂಥದ್ದು ಏನಿತ್ತು?

ದಿನಾ ಸಂಜೆ ಹೋಗಿ ಅರಳಿಕಟ್ಟೆ ಮೇಲೆ ಕೂರುತ್ತಿದ್ದೆ. ಬಸ್ಸು ಬರುತ್ತಿತ್ತು. ಇಳಿಯುವವರೆಲ್ಲ ಇಳಿದಮೇಲೆ ಹೊಸ ಕಂಡಕ್ಟರ್ ಇಳಿಯುತ್ತಿದ್ದರು. ಅವರು ನನಗೆ ಮುಗಿದ ಟಿಕೆಟ್ ಪುಸ್ತಕದ ಬುಡ ಕೊಡುತ್ತಿದ್ದರು, ಆಟಕ್ಕೆ. "ಮಾಮ, ನಮ್ಮಪ್ಪಂಗೆ ಯಾವ ರೂಟು?" ಅಂತ ಕೇಳಿದರೆ ಒಂದು ದಿನ "ಧರ್ಮಸ್ಥಳ" ಅಂದರು. ಇನ್ನೊಂದು ದಿನ ಕೇಳಿದರೆ "ಬೆಂಗಳೂರು" ಅಂದರು. ಎರಡೂ ಬೇರೆ ಬೇರೆ ದಾರಿ ಅಂತ ನನಗೆ ಗೊತ್ತಿತ್ತು. ಆದರೂ ಕೂರುತ್ತಿದ್ದೆ. ಎಷ್ಟು ದಿನ ಅಂತ ಸರಿಯಾಗಿ ನೆನಪಿಲ್ಲ. ರಾಗಿ ತೆನೆ ಕಟ್ಟುವಾಗ ಶುರುವಾದದ್ದು, ಕಣದಲ್ಲಿ ರಾಗಿ ಬಡಿಯುವಾಗಲೂ ಕೂರುತ್ತಿದ್ದೆ.

ಕೊನೆಗೆ ಹೇಳಿದ್ದು ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ. ಗೆರೆ ತುಳಿದೆ, ತುಳಿದಿಲ್ಲ ಅಂತ ಜಗಳ ಬಂತು. "ನಿಮ್ಮಪ್ಪ ಸತ್ತೋಗವ್ನೆ, ಊರಿಗೆಲ್ಲ ಗೊತ್ತು, ನಿಂಗೊಬ್ಳಿಗೇ ಗೊತ್ತಿಲ್ಲ" ಅಂದಳು. ಅವಳ ಮೇಲೆ ನನಗೆ ಯಾವತ್ತೂ ಕೋಪ ಬಂದಿಲ್ಲ. ನಿಜ ಹೇಳಿದವಳು ಅವಳೊಬ್ಬಳೇ. ಕೋಪ ಬಂದಿದ್ದು ಉಳಿದವರ ಮೇಲೆ. ಇಡೀ ಊರು ನಾನು ಕಟ್ಟೆ ಮೇಲೆ ಕೂತಿದ್ದನ್ನು ದಿನಾ ನೋಡುತ್ತಿತ್ತಲ್ಲ. ನೀರು ತರುವವರು, ದನ ಹೊಡೆದುಕೊಂಡು ಬರುವವರು, ಎಲ್ಲರೂ. ಒಬ್ಬರಿಗೂ ಎದ್ದು ಮನೆಗೆ ಹೋಗು ಮಗ ಅನ್ನಬೇಕು ಅನ್ನಿಸಲಿಲ್ಲವಾ?

ಅವರಿಗೆ ಹೇಳೋಕೆ ಬಾಯಿ ಬಂದಿರಲಿಕ್ಕಿಲ್ಲ. ಈಗ ಅರ್ಥ ಆಗುತ್ತೆ. ನಮ್ಮ ಮಾತಿನಲ್ಲೇ ಸಾವನ್ನು ನೇರವಾಗಿ ಹೇಳುವ ಅಭ್ಯಾಸ ಕಡಿಮೆ. ಹೋದರು ಅನ್ನುತ್ತೇವೆ, ತೀರಿಕೊಂಡರು ಅನ್ನುತ್ತೇವೆ, ಶಿವನ ಪಾದ ಸೇರಿದರು ಅನ್ನುತ್ತೇವೆ. ದೊಡ್ಡವರಿಗೆ ಅದು ಸರಿ. ಆದರೆ ಮಗುವಿಗೆ ನಾವು ಹುಟ್ಟಿದಾಗಿನಿಂದ ಕಲಿಸಿರೋದು ಏನು? ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನಬೇಡ, ಹೋಗಿ ಬರ್ತೀನಿ ಅನ್ನು ಅಂತ. ಹಾಗಾದರೆ ಹೋದವರು ಬರಲೇಬೇಕು ಅಲ್ವಾ?

ಎಷ್ಟೋ ವರ್ಷ ಆದಮೇಲೆ, ಪುಟ್ಟನ ವಿಷಯಕ್ಕೇ ಓದುತ್ತಾ ಕೂತಾಗ, ಮರಿಯಾ ನಾಗಿ ಅನ್ನುವ ಸಂಶೋಧಕಿಯ ಬಗ್ಗೆ ತಿಳಿಯಿತು. ಬುಡಾಪೆಸ್ಟ್ ಕಡೆಯ ಮೂರರಿಂದ ಹತ್ತು ವರ್ಷದ ಮಕ್ಕಳನ್ನು ಕೂರಿಸಿಕೊಂಡು ಸಾವು ಅಂದರೆ ಏನು ಅಂತ ಕೇಳಿ, ಬರೆಸಿ, ಚಿತ್ರ ಬಿಡಿಸಿ, 1948ರಲ್ಲಿ ಅದನ್ನು ಪ್ರಕಟಿಸಿದರು. ಐದರ ಒಳಗಿನ ಮಕ್ಕಳಿಗೆ ಸಾವು ಅಂದರೆ ಒಂದು ಪ್ರಯಾಣ, ಇಲ್ಲ ಒಂದು ನಿದ್ದೆ. ಹೋದವರು ಬರಬಹುದು, ಮಲಗಿದವರು ಏಳಬಹುದು. ಆಮೇಲೆ ಬಂದ ಎಷ್ಟೋ ಅಧ್ಯಯನಗಳು ಸಾವು ಅಂದರೆ ವಾಪಸ್ ಇಲ್ಲ ಅನ್ನೋದು ಹೆಚ್ಚಿನ ಮಕ್ಕಳಿಗೆ ಐದರಿಂದ ಏಳು ವರ್ಷದ ಒಳಗೆ ಅರ್ಥ ಆಗತೊಡಗುತ್ತೆ ಅನ್ನುತ್ತವೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರ್ಥ ಮಾಡಿಕೊಳ್ಳುವ ವಯಸ್ಸಿನ ಬಾಗಿಲಲ್ಲೇ ನಿಂತಿದ್ದ ಹುಡುಗಿಯನ್ನು ನಮ್ಮವರು ವಾಪಸ್ ಕರಕೊಂಡು ಹೋಗಿ ಕಟ್ಟೆ ಮೇಲೆ ಕೂರಿಸಿದ್ದರು.

2024ರ ಜನವರಿಯಲ್ಲಿ ತಂಗಿಯ ಗಂಡ ಹೋದರು. ನಲವತ್ತೊಂದು ವರ್ಷ. ರಾತ್ರಿ ಊಟ ಮಾಡಿ ಮಲಗಿದವರಿಗೆ ಎದೆನೋವು ಬಂತು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿದಿತ್ತು. ಬೆಳಗಿನ ಜಾವ ನಾನು ಹಾಸನ ಮುಟ್ಟುವ ಹೊತ್ತಿಗೆ, ಪುಟ್ಟನನ್ನು ಪಕ್ಕದ ಮನೆಗೆ ಸಾಗಿಸುವ ಮಾತು ನಡೆದಿತ್ತು. ನಾನು ಬಿಡಲಿಲ್ಲ. ಅವನನ್ನು ಎಬ್ಬಿಸಿ, ಹಾಲು ಕುಡಿಸಿ, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ತಂಗಿಗೆ ಮಾತು ಹೊರಡುತ್ತಿರಲಿಲ್ಲ. ಅವಳು ಬರೀ ಅವನ ಕಾಲು ಹಿಡಿದುಕೊಂಡಿದ್ದಳು. "ಪುಟ್ಟ, ರಾತ್ರಿ ಅಪ್ಪನ ಎದೆ ಬಡಿಯೋದು ನಿಂತುಹೋಯ್ತು. ಡಾಕ್ಟರಿಗೂ ಸರಿ ಮಾಡೋಕೆ ಆಗಲಿಲ್ಲ. ಅಪ್ಪ ಸತ್ತುಹೋದ್ರು."

ಅವನು ಕೇಳಿದ ಮೊದಲನೇ ಪ್ರಶ್ನೆ, "ಇವತ್ತು ಸ್ಕೂಲಿಗೆ ಯಾರು ಬಿಡ್ತಾರೆ?"

ಮಣ್ಣು ಮಾಡುವಲ್ಲಿಗೆ ಬರ್ತೀಯಾ ಅಂತ ಅವನನ್ನೇ ಕೇಳಿದೆ. ಅಲ್ಲಿ ಏನೇನು ನಡೆಯುತ್ತೆ ಅಂತ ಮೊದಲೇ ಹೇಳಿದೆ. ಗುಂಡಿ ಇರುತ್ತೆ, ಅಪ್ಪನನ್ನು ಇಳಿಸುತ್ತಾರೆ, ಎಲ್ಲರೂ ಅಳುತ್ತಾರೆ, ನೀನು ಬೇಕಾದರೆ ಅಳಬಹುದು, ಬೇಡ ಅನ್ನಿಸಿದರೆ ನನ್ನ ಕೈ ಎಳೆ, ಬಂದುಬಿಡೋಣ. ಬರ್ತೀನಿ ಅಂದ. ಹೊಲದ ಮೂಲೆಯಲ್ಲಿ ಅವನ ಚಿಕ್ಕಪ್ಪನ ಜೊತೆ ನಿಂತು ಮೂರು ಹಿಡಿ ಮಣ್ಣು ಹಾಕಿದ. ಮೂರನೇ ಹಿಡಿ ಸಣ್ಣದಾಯಿತು ಅಂತ ಇನ್ನೊಂದು ಹಿಡಿ ಹಾಕಿದ. ಯಾರೂ ತಡೆಯಲಿಲ್ಲ.

ಮೂರನೇ ದಿನಕ್ಕೆ ಅವನು ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದ. ಬಂದವರಿಗೆ ಆಶ್ಚರ್ಯ, ಮಗುಗೆ ಏನೂ ಗೊತ್ತಾಗಿಲ್ಲ ಬಿಡು ಅಂದರು. ನನಗೆ ಹಾಗನ್ನಿಸಲಿಲ್ಲ. ದೊಡ್ಡವರು ದುಃಖದಲ್ಲಿ ಮುಳುಗಿಬಿಡುತ್ತೇವೆ. ಮಕ್ಕಳು ಮಳೆಗಾಲದ ಗುಂಡಿಗೆ ಕಾಲು ಹಾಕಿ ತೆಗೆಯುವ ಹಾಗೆ, ಒಂದು ಗಳಿಗೆ ಅದರೊಳಗೆ ಇರುತ್ತವೆ, ಮರುಗಳಿಗೆ ಹೊರಗೆ. ಅದೇ ಸಂಜೆ ಅವನು ಆಟದ ಟ್ರ್ಯಾಕ್ಟರಿನ ಡ್ರೈವರ್ ಬೊಂಬೆಯನ್ನು ಮಣ್ಣಲ್ಲಿ ಹೂತು ಮೇಲೆ ದಾಸವಾಳದ ಹೂ ಇಟ್ಟಿದ್ದ. ಅಪಶಕುನ ಅಂತ ಯಾರೋ ಗದರಿದರು. ಗದರಬೇಡಿ, ಆಡಲಿ ಅಂತ ನಾನು ಕೈಮುಗಿದೆ. ಎಷ್ಟೋ ದಿನ ಅದೇ ಆಟ ಆಡಿದ. ಒಂದು ದಿನ ತಾನಾಗೇ ಬಿಟ್ಟ.

ನನಗೆ ಇವತ್ತಿಗೂ ಸಹಿಸೋಕೆ ಆಗದ ಮಾತು ಬೇರೆ ಇದೆ. ತಿಥಿಗೆ ಬಂದ ಗಂಡಸರು ಒಬ್ಬೊಬ್ಬರಾಗಿ ಅವನ ತಲೆ ಸವರಿ ಹೇಳಿದ್ದು, "ಇನ್ಮೇಲೆ ಮನೆಗೆ ನೀನೇ ಗಂಡಸು. ಅಮ್ಮನ್ನ ನೀನೇ ನೋಡ್ಕೋಬೇಕು." ಆರು ವರ್ಷದ ಹುಡುಗನಿಗೆ! ಅವನು ಅದನ್ನು ಮನಸ್ಸಿಗೆ ತೆಗೆದುಕೊಂಡ. ಬಿಸ್ಕತ್ತು ಕೇಳೋದು ನಿಲ್ಲಿಸಿದ. ಹೊಸ ಶೂ ಕಚ್ಚುತ್ತಿದ್ದರೂ ಹೇಳಲಿಲ್ಲ, ಕಾಲು ಗಾಯ ಆದಮೇಲೆ ನಮಗೆ ಗೊತ್ತಾಯಿತು. ರಾತ್ರಿ ಎದ್ದು ಬಾಗಿಲ ಚಿಲಕ ಹಾಕಿದೆಯಾ ಅಂತ ನೋಡಿ ಬರುತ್ತಿದ್ದ. ಅಪ್ಪನನ್ನು ಕಳಕೊಂಡದ್ದಲ್ಲದೆ ಮಗುತನವನ್ನೂ ಬಿಟ್ಟುಕೊಡು ಅಂದ ಹಾಗಾಯಿತು. ತಂಗಿ ಒಂದು ದಿನ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು, "ನಾನು ಅಮ್ಮ, ನೀನು ಮಗ. ನೋಡ್ಕೊಳ್ಳೋದು ನನ್ನ ಕೆಲಸ. ನೀನು ಆಡ್ಕೊಂಡಿರು" ಅಂತ ಹೇಳಿದಳು. ಅದನ್ನು ಹತ್ತಾರು ಸಲ ಹೇಳಬೇಕಾಯಿತು.

ಆ ಜೂನ್‌ನಲ್ಲಿ ಸ್ಕೂಲಿನ ಫಾರಂ ತುಂಬಿಸುವಾಗ ಅಪ್ಪನ ಹೆಸರಿನ ಹಿಂದೆ ಯಾರೋ ಲೇಟ್ ಅಂತ ಸೇರಿಸಿ ಬರೆದರು. ಪುಟ್ಟ ಆಗಷ್ಟೇ ಕೂಡಿಸಿ ಓದೋಕೆ ಕಲಿತಿದ್ದ. "ಲೇಟ್ ಅಂತ ಯಾಕೆ ಬರೆದ್ರು? ಅಪ್ಪ ಲೇಟಾಗಿ ಬರ್ತಾರಾ?" ಅಂದ. ಅಜ್ಜಿ ಹೇಳಿದ್ದ ಮಾತೇ ಮೂವತ್ತು ವರ್ಷ ಆದಮೇಲೆ ಒಂದು ಕಾಗದದಿಂದ ಎದ್ದು ಬಂದ ಹಾಗಿತ್ತು ನನಗೆ. ತಂಗಿ ಫಾರಂ ವಾಪಸ್ ಇಸಕೊಂಡು ಅದನ್ನು ಹೊಡೆದುಹಾಕಿ, ದಿವಂಗತ ಅಂತ ಬರೆದು, ಅದರ ಅರ್ಥ ಅವನಿಗೆ ಹೇಳಿದಳು.

ಎಲ್ಲ ಒಂದು ಹದಕ್ಕೆ ಬಂತು ಅನ್ನುವಾಗ 2025ರ ಜೂನ್ ಬಂತು. ಹಾಸನದವರಿಗೆ ಹೇಳಬೇಕಾಗಿಲ್ಲ. ಟಿವಿ ಹಾಕಿದರೆ ಹಾಸನದಲ್ಲಿ ಹೃದಯಾಘಾತ, ಮೊಬೈಲ್ ತೆಗೆದರೆ ಹಾಸನದಲ್ಲಿ ಹೃದಯಾಘಾತ. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು, ಸಾವುಗಳು ಅಸಹಜವಾಗಿ ಏನೂ ಹೆಚ್ಚಾಗಿಲ್ಲ ಅಂತ ವರದಿಯೂ ಬಂತು. ಆದರೆ ಅಷ್ಟು ಹೊತ್ತಿಗೆ ನಮ್ಮ ಪುಟ್ಟ ಅದನ್ನೆಲ್ಲ ಕೇಳಿಯಾಗಿತ್ತು. ರಾತ್ರಿ ಅಮ್ಮನ ಎದೆ ಮೇಲೆ ಕೈ ಇಟ್ಟುಕೊಂಡು ಮಲಗತೊಡಗಿದ. ಬಡಿತ ಎಣಿಸುತ್ತಿದ್ದನಂತೆ. ಹಾಸಿಗೆ ಒದ್ದೆ ಮಾಡಿಕೊಳ್ಳೋದು ಮತ್ತೆ ಶುರುವಾಯಿತು, ಅದು ನಿಂತು ನಾಲ್ಕು ವರ್ಷ ಆಗಿತ್ತು.

ಒಂದು ರಾತ್ರಿ ತಂಗಿ ಅಳುತ್ತಾ ಫೋನ್ ಮಾಡಿದಳು. ನಾನು ಟೆಲಿ ಮಾನಸ್‌ಗೆ ಮಾಡು ಅಂದೆ, 14416. 2022ರಲ್ಲಿ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇದ್ದ ಹೆಣ್ಣುಮಗಳು ತುಂಬ ಸಮಾಧಾನವಾಗಿ ಮಾತಾಡಿದಳಂತೆ. ಹಾಸಿಗೆ ಒದ್ದೆ ಆದರೆ ಬೈಯಬೇಡಿ, ಟಿವಿ ಆರಿಸಿ, ಮಲಗೋ ಹೊತ್ತು, ಊಟದ ಹೊತ್ತು ಬದಲಾಯಿಸಬೇಡಿ ಅಂದಳಂತೆ. ಮತ್ತೆ ಇನ್ನೊಂದು ಮಾತು. ಅಪ್ಪ ಸತ್ತಿದ್ದು ತನ್ನಿಂದಲೇ ಅಂತ ಮಗು ಒಳಗೊಳಗೇ ಅಂದುಕೊಂಡಿರಬಹುದು, ಆ ವಯಸ್ಸಿಗೆ ಹಾಗೆ ಅನ್ನಿಸೋದು ಜಾಸ್ತಿ, ಅವನಾಗಿ ಹೇಳದೇ ಇದ್ದರೂ ನಿನ್ನ ತಪ್ಪಿಲ್ಲ ಅಂತ ಹೇಳಿ ಅಂತ.

ತಂಗಿ ಇದನ್ನು ಹೇಳಿದಾಗ ನಾನು ಫೋನ್ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ.

ಮರುದಿನವೇ ಹೊರಟು ಹೋದೆ. ಸಂಜೆ ಪುಟ್ಟನನ್ನು ಕರಕೊಂಡು ಹೊಲದ ಕಡೆ ಹೋದೆ. ಆಲೂಗಡ್ಡೆ ಹೂ ಬಿಟ್ಟಿತ್ತು, ಬಿಳೀ ಹೂ. ಅಂಗಮಾರಿ ರೋಗ ಬೀಳದೇ ಇದ್ದರೆ ಸಾಕು ಅಂತ ಅವನ ತಾತ ಮೋಡ ನೋಡುತ್ತಾ ಓಡಾಡುತ್ತಿದ್ದರು. ನಾವಿಬ್ಬರೂ ಅವನ ಅಪ್ಪನ ಗುಡ್ಡೆ ಪಕ್ಕ ಬದುವಿನ ಮೇಲೆ ಕೂತೆವು. ನಾನೇ ಶುರು ಮಾಡಿದೆ. ಅಪ್ಪಂಗೆ ಎದೆನೋವು ಬಂದಿದ್ದು ಯಾರಿಂದಲೂ ಅಲ್ಲ ಪುಟ್ಟ ಅಂದೆ. ಅವನು ಹುಲ್ಲು ಕೀಳುತ್ತಾ ಕೂತಿದ್ದ. ತುಂಬ ಹೊತ್ತಾದಮೇಲೆ ಅಂದ. "ಅವತ್ತು ಸಂಜೆ ನಾನು ಅಪ್ಪನ ಹೆಗಲ ಮೇಲೆ ಕೂತಿದ್ದೆ. ಇಳಿ ಅಂದ್ರು. ನಾನು ಇಳೀಲಿಲ್ಲ. ನಾನು ಭಾರ ಇದ್ನಲ್ಲ, ಅದಕ್ಕೇ ನೋವು ಬಂತಾ?"

ಒಂದೂವರೆ ವರ್ಷ. ಅಷ್ಟು ದಿನ ಅದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದ.

ಇಲ್ಲ ಅಂದೆ. ಎದೆಯ ರಕ್ತನಾಳ ಒಳಗೇ ಕಟ್ಟಿಕೊಂಡಿತ್ತು, ಅದು ಎಷ್ಟೋ ದಿನದಿಂದ ಆಗುತ್ತಾ ಬಂದಿರುತ್ತೆ, ಹೆಗಲ ಮೇಲೆ ಕೂತರೆ ಹಾಗಾಗಲ್ಲ ಅಂತ ಬೆರಳಲ್ಲಿ ಮಣ್ಣ ಮೇಲೆ ಗೆರೆ ಎಳೆದು ತೋರಿಸಿದೆ. ಅವನ ಮುಖ ನೋಡಿದರೆ ನಂಬಿಕೆ ಬಂದ ಹಾಗಿರಲಿಲ್ಲ. ಆಗ ನನ್ನ ಬಾಯಿಂದ ಅದು ಬಂತು. ಅಮ್ಮನಿಗೆ ಹೇಳಿಲ್ಲ, ಗಂಡನಿಗೆ ಹೇಳಿಲ್ಲ, ತಂಗಿಗೂ ಹೇಳಿಲ್ಲ.

"ಪುಟ್ಟ, ನಮ್ಮಪ್ಪ ಎರಡು ದಿನ ಕೊಬ್ಬರಿ ಮಿಠಾಯಿ ತರೋದು ಮರೆತಿದ್ರು. ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ನಾನು, ಇವತ್ತೂ ತರದಿದ್ರೆ ಮನೆಗೆ ಬರಲೇಬೇಡ ಹೋಗು ಅಂದೆ. ಅವತ್ತು ಜ್ವರ ಬಂದು ಅಲ್ಲಿಂದಲೇ ಆಸ್ಪತ್ರೆಗೆ ಸೇರಿಸಿದ್ರು. ಆಮೇಲೆ ಬರಲೇ ಇಲ್ಲ. ನಾನು ಅಂದಿದ್ದಕ್ಕೇ ಬರಲಿಲ್ಲ ಅಂದ್ಕೊಂಡಿದ್ದೆ."

ಪುಟ್ಟ ಹುಲ್ಲು ಕೀಳೋದು ನಿಲ್ಲಿಸಿದ. ನನ್ನ ಮುಖ ನೋಡಿ, ತೀರಾ ದೊಡ್ಡವರ ಹಾಗೆ, "ಅಯ್ಯೋ ದೊಡ್ಡಮ್ಮ, ಮಾತಾಡಿದ್ರೆ ಯಾರಾದ್ರೂ ಸಾಯ್ತಾರಾ? ಕಾಮಾಲೆ ಬಂದಿತ್ತಲ್ವಾ ಅವರಿಗೆ?" ಅಂದ. ನಾನು ಅತ್ತೆ. ಚೆನ್ನಾಗಿ ಅತ್ತೆ. ಅವನು ಮೊದಲು ನನ್ನ ಬೆನ್ನು ತಟ್ಟಿದ, ಆಮೇಲೆ ಅವನೂ ಅತ್ತ. ಅಪ್ಪ ಸತ್ತಮೇಲೆ ಅವನು ಅಷ್ಟು ಜೋರಾಗಿ ಅತ್ತಿದ್ದು ಅವತ್ತೇ. ಅವನ ತಾತ ದೂರದಲ್ಲಿ ನಿಂತು ನೋಡಿ, ಹತ್ತಿರ ಬರದೇ ಬೇರೆ ಕಡೆ ತಿರುಗಿಕೊಂಡರು.

ಸೆಪ್ಟೆಂಬರ್‌ನಲ್ಲಿ ಪಿತೃಪಕ್ಷ ಬಂತು. ವರ್ಷದ ತಿಥಿ ಆದಮೇಲಿನ ಮೊದಲನೇ ಪಕ್ಷ, ಹಾಗಾಗಿ ತಂಗಿಯ ಮನೆಯಲ್ಲಿ ಅವನ ಅಪ್ಪನಿಗೂ ಎಡೆ ಇಟ್ಟರು. ಏನು ಇಡಬೇಕು ಅಂತ ಪುಟ್ಟನನ್ನೇ ಕೇಳಿದರಂತೆ. ಆಲೂಗಡ್ಡೆ ಬೋಂಡಾ, ಜೊತೆಗೆ ಸ್ಟ್ರಾಂಗ್ ಟೀ, ಸಕ್ಕರೆ ಕಮ್ಮಿ ಅಂದನಂತೆ. ಮುಂದಿನ ಭಾನುವಾರ, 21ನೇ ತಾರೀಕು, ಮಹಾಲಯ ಅಮಾವಾಸ್ಯೆ ದಿನ ನಮ್ಮಮ್ಮನ ಮನೆಯಲ್ಲಿ. ಎಲ್ಲರೂ ಹೋಗಿದ್ದೆವು. ಅಮ್ಮ ಎಂದಿನ ಹಾಗೆ ಅನ್ನ, ಕಾಳುಸಾರು, ಪಾಯಸ, ವಡೆ ಮಾಡಿ ಎಲೆ ಹಾಕುತ್ತಿದ್ದಳು. ಪುಟ್ಟ ಈಗ ಈ ವಿಷಯದಲ್ಲಿ ತಿಳಿದವನು. ನನ್ನ ಸೆರಗು ಜಗ್ಗಿ ಕೇಳಿದ, "ನಿಮ್ಮಪ್ಪಂಗೆ ಏನಿಷ್ಟ ದೊಡ್ಡಮ್ಮ?"

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವರ ಎಲೆ ಮುಂದೆ ಕೈಮುಗಿಯುತ್ತಿದ್ದೇನೆ, ಅವರಿಗೆ ಏನಿಷ್ಟ ಅಂತ ಒಂದು ದಿನವೂ ಕೇಳಿರಲಿಲ್ಲ. ಅಪ್ಪನ ಮಾತು ತೆಗೆದರೆ ಅಮ್ಮ ಅಳುತ್ತಾಳೆ ಅಂತ ಸುಮ್ಮನಿದ್ದೆ. ಅಮ್ಮ, ಮಕ್ಕಳು ಅಳುತ್ತವೆ ಅಂತ ಸುಮ್ಮನಿದ್ದಳು. ಪುಟ್ಟ ನೇರವಾಗಿ ಅಡುಗೆಮನೆಗೆ ಹೋಗಿ, "ಅಜ್ಜಿ, ಕಂಡಕ್ಟರ್ ತಾತಂಗೆ ಏನಿಷ್ಟ ಇತ್ತು?" ಅಂದ.

ಅಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. ಆಮೇಲೆ ಅವಳ ಮುಖದಲ್ಲಿ ನಗು ಬಂತು. "ಮಾವಿನಕಾಯಿ ಕಣೋ. ಉಪ್ಪು ಖಾರ ಹಾಕಿದ ಮಾವಿನಕಾಯಿ. ಬಸ್ಸಲ್ಲಿ ಕಾಗದದಲ್ಲಿ ಸುತ್ಕೊಂಡು ಬರೋರು. ಹಲ್ಲು ಚುಳ್ ಅಂತಿದ್ರೂ ಬಿಡ್ತಿರಲಿಲ್ಲ." ಅಷ್ಟಕ್ಕೇ ನಿಲ್ಲಲಿಲ್ಲ. ಅಪ್ಪ ನಿದ್ದೆಯಲ್ಲಿ ರೈಟ್ ರೈಟ್ ಅಂತ ಕೂಗುತ್ತಿದ್ದದ್ದು, ಹಬ್ಬದ ದಿನ ಬಸ್ಸಿನ ಮುಂದಿನ ಗಾಜಿಗೆ ಮನೆಯಿಂದಲೇ ಹೂ ಒಯ್ಯುತ್ತಿದ್ದದ್ದು, ಎಲ್ಲ ಹೇಳಿದಳು. ನಾನೂ ತಂಗಿಯೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆವು.

ಸೆಪ್ಟೆಂಬರ್‌ನಲ್ಲಿ ಮಾವಿನಕಾಯಿ ಎಲ್ಲಿ ಸಿಗಬೇಕು? ಪುಟ್ಟನೇ ದಾರಿ ಹುಡುಕಿದ. "ಉಪ್ಪಿನಕಾಯಿ ಇಡೋಣ. ಅದೂ ಮಾವಿನಕಾಯಿನೇ ಅಲ್ವಾ?" ಅಂತ ಜಾಡಿ ಎತ್ತಿಸಿ ಎಲೆಯ ತುದಿಗೆ ನಾಲ್ಕು ಹೋಳು ಹಾಕಿದ.

ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದು ಕೂತೆವು. ಹಿರಿಯರು ಬಂದು ಊಟ ಮಾಡೋವರೆಗೂ ಒಳಗೆ ಹೋಗಬಾರದು, ಬರ್ತಾರೆ, ಗಲಾಟೆ ಮಾಡಬೇಡಿ ಅಂದಳು ಅಮ್ಮ. ಪುಟ್ಟ ನನ್ನ ಕಡೆ ತಿರುಗಿದ. ಏನು ಹೇಳಲಿ ಅಂತ ನನಗೆ ತೋಚಲಿಲ್ಲ. ಅಮ್ಮನ ಮಾತು ಸುಳ್ಳು ಅನ್ನೋಕೆ ಮನಸ್ಸು ಬರಲಿಲ್ಲ, ಹೌದು ಅನ್ನೋಕೂ ಬಾಯಿ ಬರಲಿಲ್ಲ.

ಅವನೇ ನನ್ನ ಕಿವಿ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಬರಲ್ಲ ಅಂತ ನಂಗೊತ್ತು ದೊಡ್ಡಮ್ಮ. ಆದ್ರೂ ಸ್ವಲ್ಪ ಹೊತ್ತು ಕೂತಿರೋಣ."

ಕೂತೆವು. ಆಮೇಲೆ ಅಮ್ಮ ಬಾಗಿಲು ತೆಗೆದಳು. ಪುಟ್ಟ ಎಲ್ಲರಿಗಿಂತ ಮೊದಲು ಒಳಗೆ ಓಡಿ, ತಾತನ ಎಲೆಯಿಂದ ಒಂದು ಮಾವಿನಕಾಯಿ ಹೋಳು ಬಾಯಿಗೆ ಹಾಕಿಕೊಂಡ. ಹುಳಿಗೆ ಕಣ್ಣು ಮುಚ್ಚಿದ. ಇನ್ನೊಂದು ಹೋಳು ತೆಗೆದು ನನ್ನ ಕೈಗೆ ಕೊಟ್ಟ.